ಪರ್ಮಿಟ್ ಗಾಡಿಯಲ್ಲೇ ಇರಬೇಕು

“ನೋಡೇ, ಇದು ಮಕ್ಕಳಾಟ ಅಂತ ತಿಳ್ಕೋಬೇಡ. ಇದಕ್ಕೆ ಜಿಯೋಕ್ಯಾಶ್ ಅಂತಾರೆ. ಒಬ್ಬ ಒಂದು ಡಬ್ಬಿ ತಗೊಂಡು ಎಲ್ಲೋ ಒಂದು ಕಡೆ ಬಚ್ಚಿಡ್ತಾನೆ. ಎಲ್ಲಿ ಇಟ್ಟಿದ್ದೀನಿ ಅನ್ನೋ ಗುರುತನ್ನ ಫೋನಿಗೆ ಹಾಕ್ತಾನೆ. ಅವನಿಗೆ ಗುರುತು ಪರಿಚಯ ಇಲ್ಲದ ಇನ್ನೊಬ್ಬ ಯಾರೋ ಫೋನು ಹಿಡ್ಕೊಂಡು, ಬೆವರು ಸುರಿಸ್ಕೊಂಡು ಬಂದು, ಕಲ್ಲು ಎತ್ತಿ, ಪೊದೆ ಸರಿಸಿ, ಅದನ್ನ ಹುಡುಕ್ತಾನೆ. ಸಿಕ್ತಾ? ಒಳಗೆ ಒಂದು ಪುಟ್ಟ ಪುಸ್ತಕ ಇರುತ್ತೆ, ಅದರಲ್ಲಿ ಬಂದಿದ್ದೆ ಅಂತ ಬರೀತಾನೆ. ಆಮೇಲೆ ಡಬ್ಬೀಲಿರೋ ಸಾಮಾನಲ್ಲಿ ಇಷ್ಟ ಬಂದಿದ್ದು ಒಂದನ್ನ ತಗೋಬಹುದು. ಆದ್ರೆ ಸುಮ್ಮನೆ ತಗೊಳ್ಳೋ ಹಾಗಿಲ್ಲ, ಬದಲಿಗೆ ತನ್ನದೊಂದು ಇಡಬೇಕು. ಇಟ್ಟು, ಎಲ್ಲಿತ್ತೋ ಅಲ್ಲೇ, ಹೇಗಿತ್ತೋ ಹಾಗೇ ಮುಚ್ಚಿ, ಬಾಯಿ ಮುಚ್ಕೊಂಡು ಹೋಗಬೇಕು. ಕಳ್ಳತನ ಇಲ್ಲ, ನೂಕುನುಗ್ಗಲು ಇಲ್ಲ. ಪ್ರಪಂಚದಲ್ಲಿ ಇಷ್ಟು ಶಿಸ್ತಿನ ಜನ ಇದ್ದಾರೆ ಅಂತ ಮೂವತ್ತೇಳು ವರ್ಷ ಬಸ್ಸಲ್ಲಿ ನಿಂತಿದ್ರೂ ನನಗೆ ಗೊತ್ತಿರಲಿಲ್ಲ ಕಣೇ!”

ಹೀಗೆಂದವರು ನಮ್ಮ ಯಜಮಾನರು. ದೂರದೂರಿನ ಬಸ್ಸುಗಳಲ್ಲಿ ಕಂಡಕ್ಟರ್ ಆಗಿದ್ದು, ಹತ್ತು ತಿಂಗಳ ಹಿಂದೆ ನಿವೃತ್ತರಾಗಿ, ಕೆಲಸದ ನೆನಪಿಗೆ ಕತ್ತಿನಲ್ಲಿ ಸೀಟಿಯೊಂದನ್ನು ಉಳಿಸಿಕೊಂಡವರು. ಡಿಪೋದಲ್ಲಿ ಅವರಿಗೆ ‘ಹೋಲ್ಡಾನ್’ ಎಂದೇ ಹೆಸರು. ಅವರು ಈ ಭಾಷಣ ಮಾಡುವಾಗ ನಾನು ಒಲೆಯ ಮುಂದಿದ್ದೆ. ಈಗ ಒಂದಕ್ಷರ ಬಿಡದೆ ಬರೆದಿದ್ದೇನಲ್ಲ, ಹೇಗೆ ಅಂತೀರಾ? ಆಮೇಲೆ ಇದೇ ಭಾಷಣವನ್ನು ಅವರು ನನಗೆ ಹದಿನಾಲ್ಕು ಸಲ ಮಾಡಿದ್ದಾರೆ. ಯಾಕೆ ಮಾಡಬೇಕಾಯಿತು ಎನ್ನುವುದನ್ನೇ ಈಗ ಹೇಳಹೊರಟಿದ್ದೇನೆ. ನಗುವವರು ನಗಬಹುದು. ನಾನಂತೂ ನಕ್ಕು ಮುಗಿಸಿದ್ದೇನೆ.

ನನ್ನ ಓದು ಮೂರನೇ ಕ್ಲಾಸಿಗೇ ನಿಂತಿತು. ಮಿಕ್ಕಿದ್ದನ್ನೆಲ್ಲ ಕಿವಿಯಲ್ಲೇ ಕಲಿತೆ. ಯಾರು ಏನು ಹೇಳಿದರೂ ತಾಳ್ಮೆಯಿಂದ ಕೇಳುತ್ತೇನೆ. ನಡುವೆ ಬಾಯಿ ಹಾಕುವುದಿಲ್ಲ. ಬೀದಿಯಲ್ಲಿ ಯಾರಿಗೆ ಎಲ್ಲಿ ನೋವು, ಯಾರ ಮೇಲೆ ಯಾರಿಗೆ ಮುನಿಸು, ಎಲ್ಲವೂ ಮೊದಲು ನನ್ನ ಕಿವಿಗೆ ಬಿದ್ದು ಆಮೇಲೆ ಮುಂದಕ್ಕೆ ಹೋಗಬೇಕು! “ಅಕ್ಕನ ಕಿವಿ ಕಿವಿಯಲ್ಲ, ಬ್ಯಾಂಕಿನ ಲಾಕರು” ಎಂದು ಎದುರುಮನೆಯ ದರ್ಜಿಯಮ್ಮ ಹೇಳುತ್ತಿದ್ದಳು. ಆ ಮಾತು ಕೇಳಿ ನನಗೆ ತಲೆಯ ಮೇಲೆ ಎರಡು ಕೋಡು ಮೂಡಿದ್ದವು. ಈಗಿಲ್ಲ.

ಈ ದರ್ಜಿಯಮ್ಮ ಗುರುವಾರ ಅಂಗಡಿಗೆ ರಜೆ ಹಾಕುತ್ತಾಳೆ. ಇಪ್ಪತ್ತು ವರ್ಷದಿಂದ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಅಡುಗೆಮನೆಗೆ ಬಂದು, ಗೋಡೆ ಪಕ್ಕದ ಸ್ಟೂಲಿನಲ್ಲಿ ಕೂತು, ಟೀ ಕುಡಿಯುತ್ತಾ ವಾರದ ಸಮಾಚಾರವನ್ನೆಲ್ಲ ಬಿಚ್ಚುತ್ತಿದ್ದಳು. ಹತ್ತು ತಿಂಗಳ ಹಿಂದಿನ ಒಂದು ಗುರುವಾರ ಅವಳು ತನ್ನ ಮೈದುನನ ಕಥೆ ತೆಗೆದಳು. ಎಂಟು ವರ್ಷದ ಹಿಂದೆ ಯಾರಿಗೂ ಹೇಳದೆ ಮನೆ ಬಿಟ್ಟು ಹೋಗಿದ್ದವನು, ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಬಂದು ಬಾಗಿಲು ತಟ್ಟಿದನಂತೆ. ಮೈಮೇಲೆ ಒಂದೇ ಅಂಗಿ. ಕೈಯಲ್ಲಿ ಬಟ್ಟೆ ಮುಚ್ಚಿದ ದೊಡ್ಡ ಪಂಜರ!

“ಆ ಪಂಜರದಲ್ಲಿ ಏನಿತ್ತು ಗೊತ್ತಾ ಅಕ್ಕಾ?” ಎಂದಳು ದರ್ಜಿಯಮ್ಮ.

ನಾನು ಉಸಿರು ಬಿಗಿಹಿಡಿದೆ. ಆಗ ಹಿಂದಿನಿಂದ ಸೀಟಿ ಕೇಳಿಸಿತು.

“ಮೇಡಮ್, ಬಾಗಿಲ ಹತ್ರ ಕೂರಬೇಡಿ! ಒಳಗೆ ನಡೀರಿ, ಒಳಗೆ ಜಾಗ ಇದೆ!”

ಅದು ಯಜಮಾನರು ನಿವೃತ್ತರಾದ ಮೊದಲ ಗುರುವಾರ. ದರ್ಜಿಯಮ್ಮ ಟೀ ಲೋಟ ಕೆಳಗಿಟ್ಟು ಹೋದವಳು ಮತ್ತೆ ಬರಲಿಲ್ಲ. ಅವಳ ಅಂಗಡಿಗೇ ಹೋಗಿ ಕೇಳೋಣವೆಂದರೆ ಅಲ್ಲಿ ಗಿರಾಕಿಗಳ ಮುಂದೆ ಮನೆಯ ಮಾತು ಆಡುವವಳಲ್ಲ. ಹತ್ತು ತಿಂಗಳು ಆ ಪಂಜರ ಬಟ್ಟೆ ಮುಚ್ಚಿಕೊಂಡು ನನ್ನ ತಲೆಯಲ್ಲೇ ಕೂತಿತ್ತು. ಒಂದು ದಿನ ಗಿಳಿ ಅನ್ನಿಸುತ್ತಿತ್ತು, ಇನ್ನೊಂದು ದಿನ ಕೋತಿ. ಒಂದು ದಿನವಂತೂ ಕೂಸು ಅನ್ನಿಸಿ ಊಟ ಸೇರಲಿಲ್ಲ!

ಇತ್ತ ನಮ್ಮ ಯಜಮಾನರು ಅಡುಗೆಮನೆಯನ್ನು ಹತ್ತಿದವರು ಇಳಿಯಲೇ ಇಲ್ಲ. ಡಬ್ಬಿಗಳೆಲ್ಲ ಫುಟ್‌ಬೋರ್ಡಿನಲ್ಲಿ ಜೋತು ಬಿದ್ದಿವೆ ಎಂದು ಶೆಲ್ಫಿನ ಒಳಕ್ಕೆ ತಳ್ಳಿದರು. ನನ್ನ ಕೈಗೆ ಸಕ್ಕರೆ ಎಟುಕದಂತಾಯಿತು. ನಾನು ಲೋಟಕ್ಕೆ ಟೀ ಬಗ್ಗಿಸುತ್ತಿದ್ದರೆ ಹಿಂದಿನಿಂದ “ಹೋಲ್ಡಾನ್!” ಎನ್ನುತ್ತಿದ್ದರು, ನಾನು ಬೆಚ್ಚಿ ಟೀಯನ್ನು ಕಾಲಿನ ಮೇಲೆ ಬಗ್ಗಿಸಿಕೊಳ್ಳುತ್ತಿದ್ದೆ. ಪಾತ್ರೆಗೆ ಮುಚ್ಚಳ ಹಾಕಿದರೆ “ರೈಟ್!” ತೆಗೆದರೆ “ಹೋಲ್ಡಾನ್!” ಅಡುಗೆಯೂ ಅವರ ಮಾತು ಕೇಳಿ ನಿಂತು ನಿಂತು ಬೇಯುತ್ತಿತ್ತು.

ಇಂಥ ಕಾಲದಲ್ಲಿ ನಮ್ಮ ಮಗಳು ಅಪ್ಪನಿಗೊಂದು ಫೋನು ಕೊಡಿಸಿ, ಈ ಡಬ್ಬಿ ಆಟ ಕಲಿಸಿಹೋದಳು. ಹುಡುಗಿಗೆ ಪುಣ್ಯ ಬರಲಿ! ಯಜಮಾನರು ಬೇರೆಯವರ ಡಬ್ಬಿ ಹುಡುಕಿದರು. ಆಮೇಲೆ ತಮ್ಮದೇ ಡಬ್ಬಿ ಬಚ್ಚಿಡುವ ಆಸೆ ಹುಟ್ಟಿತು. ಎಲ್ಲಿ? ಅವರ ಹಳೆಯ ರೂಟಿನಲ್ಲಿ, ಹೆದ್ದಾರಿ ಪಕ್ಕದ ಮೂರು ವಿಶ್ರಾಂತಿ ತಾಣಗಳಲ್ಲಿ. ಬಸ್ಸು, ಲಾರಿ, ಕಾರುಗಳು ನಿಂತು ಜನ ಕಾಲು ಚಾಚಿ, ಮುಖ ತೊಳೆದು, ಟೀ ಕುಡಿದು ಹೋಗುವ ಜಾಗಗಳವು. ವಾರಕ್ಕೊಂದು ದಿನ ಹೋಗಿ ಮೂರೂ ಡಬ್ಬಿ ನೋಡಿಕೊಂಡು ಬರುವುದು ಅವರ ಯೋಜನೆ.

ವಾರಕ್ಕೊಂದು ದಿನ! ಬೆಳಿಗ್ಗೆಯಿಂದ ಸಂಜೆ! ಒಲೆಯ ಮುಂದೆ ನಿಂತಿದ್ದ ನನ್ನ ಕಿವಿಗೆ ಇಡೀ ಭಾಷಣದಲ್ಲಿ ಬಿದ್ದದ್ದು ಇದೊಂದೇ ಮಾತು. ಮಿಕ್ಕಿದ್ದು ಬೀಳಲಿಲ್ಲ. ಯಾಕೆಂದರೆ ಆಗ ಹಾಲು ಉಕ್ಕುತ್ತಿತ್ತು.

ಆದರೆ ಹೆದ್ದಾರಿ ಕಚೇರಿಯ ಅನುಮತಿ ಬೇಕಿತ್ತು. ಯಜಮಾನರು ಮೂರು ಸಲ ಅರ್ಜಿ ಬರೆದರು, ಮೂರು ಸಲವೂ ವಾಪಸು ಬಂತು. ಮೂರನೆಯದರ ಮೇಲೆ ಯಾರೋ ಕೆಂಪು ಶಾಯಿಯಲ್ಲಿ ‘ಅರ್ಥವಾಗಲಿಲ್ಲ’ ಎಂದು ಬರೆದಿದ್ದರು. ಬೇಸರದಲ್ಲಿ ಅವರು ಅಡುಗೆಮನೆಯಲ್ಲಿ ಇನ್ನೂ ಒಂದು ತಾಸು ಹೆಚ್ಚು ಡ್ಯೂಟಿ ಮಾಡತೊಡಗಿದರು. ನನ್ನ ತಾಳ್ಮೆಯ ಕಟ್ಟೆ ಒಡೆಯಿತು.

“ಕೊಡಿ ಇಲ್ಲಿ ಆ ಅರ್ಜೀನ! ಒಂದೇ ವಾರದಲ್ಲಿ ಪರ್ಮಿಟ್ ತಂದು ನಿಮ್ಮ ಕೈಗಿಡದಿದ್ರೆ ಕೇಳಿ!”

“ನೀನಾ? ಮೂರನೇ ಕ್ಲಾಸು ಓದ್ಕೊಂಡು ಕಚೇರಿಯೋರ ಹತ್ರ ಏನೇ ಮಾತಾಡ್ತೀಯ?”

“ಮಾತಾಡೋದಿಲ್ಲ ರೀ. ಕೇಳ್ತೀನಿ. ನೀವು ಅರ್ಜೀಲೂ ಮಾತಾಡಿದ್ರಿ, ಅದಕ್ಕೇ ಆಗಲಿಲ್ಲ.”

ಹೀಗೆಂದು ಚಪ್ಪಲಿ ಮೆಟ್ಟಿ, ರಣರಂಗಕ್ಕೆ ಹೊರಟವಳಂತೆ ಹೊರಟೆ.

ಹೆದ್ದಾರಿ ಕಚೇರಿಯ ಬಾಗಿಲಲ್ಲೇ ಒಬ್ಬ ದಪ್ಪ ಕನ್ನಡಕದ ಗುಮಾಸ್ತ. ಅರ್ಜಿಯನ್ನು ಮೂಗಿನ ಹತ್ತಿರ ಹಿಡಿದು ಓದಿದ.

“ಡಬ್ಬಿ ಬಚ್ಚಿಡಲು ಅನುಮತಿ. ಒಳಗೇನಿರುತ್ತೆ ಅಮ್ಮಾ?”

“ಏನಿಲ್ಲಪ್ಪ. ಒಂದು ಪುಸ್ತಕ, ಒಂದು ಪೆನ್ಸಿಲು, ಒಂದೆರಡು ಗೋಲಿ.”

“ಬೆಲೆಬಾಳೋದು ಏನೂ ಇಲ್ಲ ಅಂದ್ಮೇಲೆ ಯಾಕೆ ಬಚ್ಚಿಡಬೇಕು?”

“ಜನ ಹುಡುಕಲಿ ಅಂತ.”

“ಜನಕ್ಕೆ ಸಿಗಬೇಕು ಅಂತಿದ್ರೆ ಟೇಬಲ್ ಮೇಲೆ ಇಡಬಹುದಲ್ಲ?”

“ಟೇಬಲ್ ಮೇಲಿದ್ರೆ ಯಾರು ಹುಡುಕ್ತಾರಪ್ಪ?”

ಗುಮಾಸ್ತ ಕನ್ನಡಕ ತೆಗೆದು ಒರೆಸಿದ. “ನೋಡಿ ಅಮ್ಮಾ, ಕಳೆದ ಸಾಮಾನಿಗೆ ನಮ್ಮಲ್ಲಿ ಫಾರಂ ಇದೆ. ಸಿಕ್ಕಿದ ಸಾಮಾನಿಗೂ ಫಾರಂ ಇದೆ. ಕಳೀದೇ ಇರೋದು ಸಿಗೋದಕ್ಕೆ ಫಾರಂ ಇಲ್ಲ. ಸಾಹೇಬ್ರನ್ನ ಕೇಳಿ.”

ಸಾಹೇಬರ ಕೋಣೆಯ ಹೊರಗಿನ ಬೆಂಚಿನಲ್ಲಿ ನಾಲ್ಕು ದಿನ ಕೂತೆ. ಐದನೆಯ ದಿನ ಸಾಹೇಬರೇ ಹೊರಗೆ ಬಂದು, “ಯಾರಮ್ಮ ನೀವು? ಬೆಂಚಿನ ಜೊತೆ ಬಂದಿದ್ದೀರೇನೋ ಅನ್ಕೊಂಡಿದ್ದೆ” ಎಂದರು. ಒಳಗೆ ಕರೆದರು. ಕೂತೆ. ಅವರು ಅರ್ಜಿ ಓದುತ್ತಾ ಸೊಂಟ ಹಿಡಿದುಕೊಂಡು ಒಂದು ಸಲ “ಅಯ್ಯಪ್ಪಾ” ಎಂದರು. ಅಷ್ಟು ಸಾಕಾಯಿತು ನನಗೆ!

“ಸೊಂಟಾನಾ ಸಾಹೇಬ್ರೇ?” ಎಂದೆ.

ಆಮೇಲೆ ಒಂದೂವರೆ ಗಂಟೆ ನಾನು ಬಾಯಿ ತೆರೆಯಲಿಲ್ಲ. ಸೊಂಟದಿಂದ ಹೊರಟ ಸಾಹೇಬರು ಮಂಡಿಗೆ ಬಂದರು, ಮಂಡಿಯಿಂದ ಮೇಲಧಿಕಾರಿಗೆ ಹೋದರು. ಆ ಕನ್ನಡಕದ ಗುಮಾಸ್ತ ಕೈಗೆ ಸಿಕ್ಕಿದ ಕಾಗದಕ್ಕೆಲ್ಲ ಸೀಲು ಒತ್ತಿಬಿಡುತ್ತಾನಂತೆ. ಅದಕ್ಕೇ ಕಚೇರಿಯ ಸೀಲನ್ನು ತಾವೇ ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಾರಂತೆ. ಇನ್ನು ನಾಲ್ಕೇ ತಿಂಗಳಿಗೆ ನಿವೃತ್ತಿಯಂತೆ.

“ಆಮೇಲೆ ಏನ್ಮಾಡ್ತೀರಿ ಸಾಹೇಬ್ರೇ?”

“ಏನಿದೆಯಮ್ಮ, ಮನೇಲೇ ಇದ್ದು ನಮ್ಮವಳಿಗೆ ಅಡುಗೆಮನೇಲಿ ಸಹಾಯ ಮಾಡ್ಕೊಂಡಿರ್ತೀನಿ.”

ಮುಖ ಕಾಣದ ಆ ಹೆಂಗಸಿಗಾಗಿ ನನ್ನ ಕಣ್ಣು ತುಂಬಿ ಬಂತು. ಸಾಹೇಬರು ಅದನ್ನು ತಮ್ಮ ಸೊಂಟಕ್ಕೆಂದು ತಿಳಿದರು. ಅವರ ಮನಸ್ಸು ಕರಗಿ ನೀರಾಯಿತು. ಗುಮಾಸ್ತನನ್ನು ಕೂಗಿ, ಅಲ್ಲೇ ಪತ್ರ ಬರೆಸತೊಡಗಿದರು. ‘ಸದರಿ’, ‘ಮೇಲ್ಕಂಡ’, ‘ತತ್ಸಂಬಂಧ’ ಎಂಬ ಭಾರಿ ಭಾರಿ ಮಾತುಗಳು ಹಾರಾಡಿದವು. ನಾನು ಗೆದ್ದ ಖುಷಿಯಲ್ಲಿ ತಲೆಯಾಡಿಸುತ್ತಿದ್ದೆ. ನಡುನಡುವೆ ಸಾಹೇಬರು ನನ್ನನ್ನೂ ಕೇಳಿದರು.

“ಅರ್ಜಿದಾರರು ಯಾರು ಅಂತ ಹಾಕೋದಮ್ಮಾ? ನೀವೋ, ನಿಮ್ಮ ಯಜಮಾನ್ರೋ?”

“ನನ್ನ ಹೆಸರೇ ಹಾಕಿ! ಓಡಾಡಿದ್ದು ನಾನು ತಾನೆ!”

“ವಾರದಲ್ಲಿ ಯಾವ ದಿನ?”

“ಗುರುವಾರ!”

“ಎಷ್ಟು ಹೊತ್ತು?”

“ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕು! ಒಂದು ಗುರುವಾರಾನೂ ತಪ್ಪಬಾರದು, ಹಾಗಂತ ಗಟ್ಟಿಯಾಗಿ ಬರೀರಿ!”

“ಶಹಬ್ಬಾಸ್,” ಎಂದರು ಸಾಹೇಬರು. “ಈ ವಯಸ್ಸಲ್ಲಿ ಇಷ್ಟು ಶ್ರದ್ಧೆ!” ಜೇಬಿನಿಂದ ಸೀಲು ತೆಗೆದು ಧಡ್ ಎಂದು ಒತ್ತಿದರು. “ಜೋಪಾನ ಅಮ್ಮಾ. ಯಂತ್ರ ಕೆಟ್ಟಿದೆ, ಇನ್ನೊಂದು ಪ್ರತಿ ತೆಗೆಯೋಕಾಗಲ್ಲ. ಇರೋದು ಇದೊಂದೇ. ಯಾರು ಯಾವಾಗ ಕೇಳಿದ್ರೂ ತೋರಿಸಬೇಕು.”

ಇದನ್ನು ಮಾತ್ರ ನಾನು ಸರಿಯಾಗಿ ಕೇಳಿಸಿಕೊಂಡೆ. ಅದೇ ಎಡವಟ್ಟಾಯಿತು.

ಮನೆಗೆ ಬಂದು ಪತ್ರವನ್ನು ಯಜಮಾನರ ಮೂಗಿನ ಮುಂದೆ ಬಾವುಟದಂತೆ ಆಡಿಸಿದೆ. “ಕೊಡೇ, ಓದೋಣ” ಎಂದು ಕೈಚಾಚಿದರು.

“ಕೊಡಲ್ಲ. ನಿಮ್ಮ ಕೈಗೆ ಕೊಟ್ರೆ ಅಭ್ಯಾಸದ ಮೇಲೆ ತೂತು ಹಾಕ್ತೀರಿ. ಸೀಲು ನೋಡಿ, ಸಾಕು!”

ಮರುದಿನ ಗುರುವಾರ. ಅವರು ಬೂಟಿನ ದಾರ ಕಟ್ಟುತ್ತಿದ್ದರು. ಮೂರು ಪ್ಲಾಸ್ಟಿಕ್ ಬಿಸ್ಕತ್ತಿನ ಡಬ್ಬಿಗಳು ಚೀಲಕ್ಕೆ ಹೋಗಲು ಸಿದ್ಧವಾಗಿದ್ದವು. ಈ ಪತ್ರ ಎಲ್ಲಿಡಲಿ ಎಂದು ಯೋಚಿಸಿದೆ. ಆಗ ಮೂವತ್ತೇಳು ವರ್ಷ ಊಟಕ್ಕೆ ಕೂತಾಗಲೆಲ್ಲ ಅವರು ಹೇಳಿದ್ದ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. “ಪರ್ಮಿಟ್ ಯಾವತ್ತೂ ಗಾಡಿಯಲ್ಲೇ ಇರಬೇಕು ಕಣೇ. ಚೆಕಿಂಗ್‌ನೋರು ಯಾವಾಗ ಹತ್ತುತಾರೋ ಹೇಳೋಕಾಗಲ್ಲ. ಮನೇಲಿಟ್ಟ ಪರ್ಮಿಟ್ಟು ಪರ್ಮಿಟ್ಟೇ ಅಲ್ಲ!” ಆಹಾ, ನನ್ನ ಕಿವಿಯೇ! ಇಂಥ ಹೆಂಡತಿ ಎಷ್ಟು ಕಂಡಕ್ಟರುಗಳಿಗೆ ಸಿಗುತ್ತಾಳೆ? ಪತ್ರವನ್ನು ನೀಟಾಗಿ ನಾಲ್ಕು ಮಡಿಕೆ ಮಡಚಿ, ಮೊದಲನೆಯ ಡಬ್ಬಿಯೊಳಗೆ ಗೋಲಿಗಳ ಪಕ್ಕದಲ್ಲಿ ಇಟ್ಟು, ಮುಚ್ಚಳ ಒತ್ತಿದೆ.

ಆ ಗುರುವಾರದ ಸುಖವನ್ನು ಏನೆಂದು ಬಣ್ಣಿಸಲಿ! ಡಬ್ಬಿಗಳನ್ನೆಲ್ಲ ಮುಂದಕ್ಕೆ ಎಳೆದೆ. ಯಾರ ಅಪ್ಪಣೆಯೂ ಇಲ್ಲದೆ ಟೀ ಬಗ್ಗಿಸಿದೆ. ದರ್ಜಿಯಮ್ಮ ಇಣುಕಿ ನೋಡಿ, ಸೀಟಿ ಇಲ್ಲವೆಂದು ಖಾತ್ರಿ ಮಾಡಿಕೊಂಡು ಒಳಗೆ ಬಂದಳು. ಆದರೆ ಹತ್ತು ತಿಂಗಳ ಬಾಕಿ ಸಮಾಚಾರ ಮೊದಲು ಮುಗಿಯಬೇಕಲ್ಲ? ಅವಳ ಮೈದುನ ಪಂಜರ ಹಿಡಿದು ಹೊಸ್ತಿಲ ಹತ್ತಿರ ಬರುವಷ್ಟರಲ್ಲಿ ನಾಲ್ಕು ಗಂಟೆಯಾಯಿತು. “ಮಿಕ್ಕಿದ್ದು ಮುಂದಿನ ವಾರ ಅಕ್ಕಾ” ಎಂದಳು. ಇರಲಿ, ಹತ್ತು ತಿಂಗಳು ಕಾದವಳಿಗೆ ಏಳು ದಿನ ಯಾವ ಲೆಕ್ಕ!

ಎರಡನೆಯ ಗುರುವಾರ. ದರ್ಜಿಯಮ್ಮ ಬಂದವಳೇ ನೇರವಾಗಿ ಪಂಜರಕ್ಕೆ ಬಂದಳು. “ಒಳಗೆ ಬಂದ ಅಕ್ಕಾ. ಪಂಜರ ಕೆಳಗಿಟ್ಟ. ಎಲ್ಲರೂ ಸುತ್ತ ನಿಂತ್ವಿ. ಬಟ್ಟೆಗೆ ಕೈ ಹಾಕ್ದ. ಹಾಕಿ...”

ಧಡಾರನೆ ಬಾಗಿಲು ತೆರೆಯಿತು. ಯಜಮಾನರು! ಮುಖ ಹರಳೆಣ್ಣೆ ಕುಡಿದಂತಿತ್ತು. ದರ್ಜಿಯಮ್ಮ ಎದ್ದು ನಿಂತಳು, ಲೋಟ ಇಟ್ಟಳು, ಹೋದಳು.

“ಪರ್ಮಿಟ್ ಎಲ್ಲೇ? ತೆಗಿ ಬೇಗ!”

ಆದದ್ದಿಷ್ಟು. ಮೊದಲನೆಯ ವಿಶ್ರಾಂತಿ ತಾಣದಲ್ಲಿ ಯಜಮಾನರು ಮರದಡಿ ನಿಂತಿದ್ದಾಗ ದೂರದೂರಿನ ಬಸ್ಸೊಂದು ಬಂದು ನಿಂತಿತಂತೆ. ಜನ ಇಳಿದರು. ಇವರು ಗಡಿಯಾರ ನೋಡಿಕೊಂಡರು. ಹತ್ತು ನಿಮಿಷ ಕಳೆಯಿತು. ಮೂವತ್ತೇಳು ವರ್ಷದ ಅಭ್ಯಾಸ ಬಿಡುತ್ತದೆಯೇ? ಕೈ ತಾನಾಗಿ ಸೀಟಿಗೆ ಹೋಯಿತು. “ಪೀ! ರೈಟ್!” ಡ್ರೈವರಿಗೂ ಅದೇ ಅಭ್ಯಾಸ. ಹಿಂದೆ ನೋಡದೆ ಗಾಡಿ ಎತ್ತಿಬಿಟ್ಟ. ಹದಿಮೂರು ಜನ ಪ್ರಯಾಣಿಕರು ಟೀ ಲೋಟ ಹಿಡಿದು ಬಸ್ಸಿನ ಹಿಂದೆ ಓಡಿದರು. ಎಲ್ಲರಿಗಿಂತ ಹಿಂದೆ, ಶೌಚಾಲಯದಿಂದ ಬೆಲ್ಟು ಕಟ್ಟಿಕೊಳ್ಳುತ್ತಾ ಓಡಿದವನು ಆ ಬಸ್ಸಿನ ಕಂಡಕ್ಟರು!

ಅಲ್ಲಿನ ಕಾವಲುಗಾರ ಕೊಡಲಿಯಂಥ ಮೀಸೆಯವನು. ಬಸ್ಸನ್ನು ಫೋನು ಮಾಡಿ ವಾಪಸು ಕರೆಸಿ, ನಮ್ಮವರ ಮುಂದೆ ಬಂದು ನಿಂತನಂತೆ. “ಯಾರಯ್ಯ ನೀನು? ಇಲ್ಲೇನು ಕೆಲಸ?” ಇವರು, “ಡಬ್ಬಿ ಇಡೋಕೆ ಪರ್ಮಿಶನ್ ಇದೆ” ಎಂದರು. “ತೋರಿಸು. ನಾಳೆ ಮಧ್ಯಾಹ್ನದೊಳಗೆ ಕಾಗದ ತಂದು ತೋರಿಸದಿದ್ರೆ ಮೂರೂ ಡಬ್ಬಿ ಕಸದ ಲಾರಿಗೆ. ನಿನಗೂ ಇನ್ನು ಯಾವ ತಾಣಕ್ಕೂ ಪ್ರವೇಶ ಇಲ್ಲ!”

ಡಬ್ಬಿ ಹೋದರೆ ಗುರುವಾರ ಹೋಯಿತು! ಗುರುವಾರ ಹೋದರೆ ಪಂಜರ ಹೋಯಿತು! ಆದರೆ ಮರುಕ್ಷಣ ನಗು ಬಂತು. ನಾನೇನು ಸಾಮಾನ್ಯಳೇ?

“ಅಷ್ಟಕ್ಕೇ ಇಲ್ಲಿವರೆಗೂ ಓಡಿ ಬಂದ್ರಾ? ಪರ್ಮಿಟ್ ಗಾಡಿಯಲ್ಲೇ ಇದೆ ರೀ! ಮೊದಲನೇ ಡಬ್ಬೀಲಿ ನಾನೇ ಇಟ್ಟಿದ್ದೀನಿ!”

ಯಜಮಾನರು ಜೇಬಿನಿಂದ ಒಂದು ಹಳದಿ ಪ್ಲಾಸ್ಟಿಕ್ ಬಾತುಕೋಳಿ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಡಬ್ಬಿಯ ಪುಸ್ತಕ ತೆಗೆದು ಓದಿದರು. “‘ಒಂದು ಪತ್ರ ತಗೊಂಡೆ, ಒಂದು ಬಾತುಕೋಳಿ ಇಟ್ಟೆ. ಏಳನೇ ನಿಯಮ ಓದಿ ನಕ್ಕು ನಕ್ಕು ಸಾಕಾಯ್ತು. ಪತ್ರಾನ ಮುಂದಿನ ಡಬ್ಬಿಗೆ ಹಾಕ್ತೀನಿ, ಅವರೂ ನಗಲಿ.’ ಯಾವ ಪತ್ರ ಅಂತ ನಾನು ಬಸ್ಸಲ್ಲೆಲ್ಲ ತಲೆ ಕೆರ್ಕೊಂಡು ಬಂದೆ ಕಣೇ!”

“ಕಳ್ಳರು! ಹಾಡುಹಗಲೇ ಕಳ್ಳತನ!”

“ಕಳ್ಳತನ ಅಲ್ವೇ, ಅದೇ ಆಟದ ನಿಯಮ! ಒಂದು ತಗೋಬೇಕು, ಒಂದು ಇಡಬೇಕು! ಅವತ್ತು ನಿನಗೆ ಬಿಡಿಸಿ ಬಿಡಿಸಿ ಹೇಳಿದ್ದೆನಲ್ಲ!”

“ಯಾವತ್ತು?”

“ಹಾಲು ಉಕ್ಕಿದ ದಿನ!”

ಹೀಗೆಂದು ಆ ಭಾಷಣವನ್ನು ಎರಡನೆಯ ಸಲ ಮಾಡಿದರು. ಮೂರನೆಯದು ಬಸ್ಸಿನಲ್ಲಿ. ಯಾಕೆಂದರೆ ಪತ್ರ ಹುಡುಕಲು ನಾವಿಬ್ಬರೂ ಆಗಲೇ ಹೊರಟೆವು. ಅವರಿಂದ ಒಂದು ದಿನ ಬಿಡುಗಡೆ ಬೇಡಿದವಳಿಗೆ ಅವರ ಪಕ್ಕದ ಸೀಟೇ ಸಿಕ್ಕಿತು! ದಾರಿಯುದ್ದಕ್ಕೂ ಆ ಬಸ್ಸಿನ ಕಂಡಕ್ಟರಿಗೆ ಅವರು ಕೆಲಸ ಕಲಿಸಿದರು. ಕೊನೆಗೆ ಅವನು ಕೈಮುಗಿದು, “ಯಜಮಾನ್ರೇ, ಸೀಟಿ ನೀವೇ ಊದಿ, ನಾನು ಕೂತ್ಕೋತೀನಿ” ಎಂದ. ಅವರು ಊದಿದರು. ಅವರ ಮುಖ ಅಷ್ಟು ಅರಳಿದ್ದನ್ನು ಹತ್ತು ತಿಂಗಳಲ್ಲಿ ನಾನು ಕಂಡಿರಲಿಲ್ಲ. ನನಗೆ ಬೈಯಲು ಬಾಯಿ ಬರಲಿಲ್ಲ.

ಎರಡನೆಯ ತಾಣದಲ್ಲಿ ನೀರಿನ ನಲ್ಲಿಯ ಹಿಂದಿನ ಕಲ್ಲು ಎತ್ತಿ ಡಬ್ಬಿ ತೆರೆದೆವು. ಪತ್ರ ಇಲ್ಲ! ಒಂದು ಬಾಚಣಿಗೆ ಇತ್ತು. ಪುಸ್ತಕದಲ್ಲಿ, “ಪತ್ರ ತಗೊಂಡು ಬಾಚಣಿಗೆ ಇಟ್ಟೆ. ಏಳನೇ ನಿಯಮ! ಪಾಪ ಆ ಅಜ್ಜಿ! ಮುಂದಿನ ಡಬ್ಬಿಗೆ ಸಾಗಿಸ್ತಿದ್ದೇನೆ.”

“ಯಾವ ಅಜ್ಜಿ ರೀ? ಏನದು ಏಳನೇ ನಿಯಮ?”

“ನನಗೆಲ್ಲಿ ಗೊತ್ತು? ನೀನು ಓದೋಕೆ ಕೊಟ್ಟಿದ್ರೆ ತಾನೆ!”

ಮೂರನೆಯ ತಾಣದಲ್ಲಿ ಡಬ್ಬಿಯನ್ನು ಬೇಲಿಯ ಬುಡದಲ್ಲಿ, ಒಣ ಎಲೆಗಳ ಅಡಿ ಇಟ್ಟಿದ್ದರು. ತೆಗೆದು ನಾನೇ ಮುಚ್ಚಳ ಬಿಚ್ಚಿದೆ. ಅಲ್ಲೂ ಪತ್ರ ಇಲ್ಲ. ಪುಸ್ತಕದಲ್ಲಿ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: “ಪತ್ರವನ್ನು ಪಡೆದುಕೊಳ್ಳಲಾಗಿದೆ. ನಿಯಮಾನುಸಾರ ಬದಲಿ ವಸ್ತುವನ್ನು ಇಡಲಾಗಿದೆ.”

ಬದಲಿ ವಸ್ತು ಡಬ್ಬಿಯ ತಳದಲ್ಲಿ ಉರುಳಾಡುತ್ತಿತ್ತು. ಮರದ ಹಿಡಿ, ಕೆಳಗೆ ದುಂಡು ರಬ್ಬರು. ಹೆದ್ದಾರಿ ಕಚೇರಿಯ ಸೀಲು!

ಯಜಮಾನರ ಕಣ್ಣು ಮಿಂಚಿತು. “ಲೇ! ಇನ್ನು ಪತ್ರ ಯಾಕೇ ಬೇಕು? ಸೀಲೇ ಸಿಕ್ಕಿದೆ! ನಾವೇ ಬರ್ಕೊಂಡು, ನಾವೇ ಒತ್ತಿಕೊಳ್ಳೋಣ!”

“ಬಾಯಿ ಮುಚ್ಚಿ! ಒಳ್ಳೇ ಮಾತಲ್ಲಿ ಆ ಸೀಲು ನನ್ನ ಕೈಗೆ ಕೊಡಿ.”

ಮರುದಿನ ಬೆಳಿಗ್ಗೆ ಕಚೇರಿ ಬಾಗಿಲು ತೆರೆಯುವ ಹೊತ್ತಿಗೇ ಹೋದೆವು. ಒಳಗೆ ಪ್ರಳಯ! ಮೂರು ದಿನದಿಂದ ಒಂದು ಕಾಗದಕ್ಕೂ ಸೀಲು ಬಿದ್ದಿಲ್ಲ. ಸಾಲು ಮೆಟ್ಟಿಲಿಳಿದು ರಸ್ತೆಗೆ ಬಂದಿತ್ತು. ಕನ್ನಡಕದ ಗುಮಾಸ್ತ ಮೇಜಿನ ಕೆಳಗೆ ತೆವಳುತ್ತಾ, “ನಾನು ತಗೊಂಡಿಲ್ಲ ಸಾರ್, ಮಕ್ಕಳಾಣೆ!” ಎಂದು ಅಳುತ್ತಿದ್ದ. ಸಾಹೇಬರು ಯಾರ ಮುಖವನ್ನೂ ನೋಡದೆ ಕಿಟಕಿಯಾಚೆ ನೋಡುತ್ತಿದ್ದರು.

ನಾನು ಯಜಮಾನರ ಜೊತೆ ಸಾಹೇಬರ ಕೋಣೆಗೆ ಹೋಗಿ, ಬಾಗಿಲು ಹಾಕಿ, ಮೇಜಿನ ಮೇಲೆ ಬಾತುಕೋಳಿ ಇಟ್ಟೆ, ಬಾಚಣಿಗೆ ಇಟ್ಟೆ, ಕೊನೆಗೆ ಸೀಲು ಇಟ್ಟೆ.

ಸಾಹೇಬರು ಕುರ್ಚಿಯಲ್ಲಿ ಕುಸಿದರು. “ಕೂಗಬೇಡಿ ಅಮ್ಮಾ! ತನಿಖೆಗೆ ಅಂತ ಹೋಗಿದ್ದೆ. ಕಾಲಿಗೆ ಡಬ್ಬಿ ತಗುಲಿತು. ತೆರೆದ್ರೆ ನನ್ನದೇ ಪತ್ರ! ಕಚೇರಿಗೊಂದು ಪ್ರತಿ ಇಲ್ವಲ್ಲ ಅಂತ ತಗೊಂಡೆ. ಆದ್ರೆ ಒಂದು ತಗೊಂಡ್ರೆ ಒಂದು ಇಡಬೇಕು ಅಂತ ಒಳಗಿನ ಪುಸ್ತಕದ ಮೊದಲ ಪುಟದಲ್ಲಿ ಬರೆದಿತ್ತು. ನಿಯಮ ಅಂದ್ಮೇಲೆ ನಿಯಮ. ಜೇಬಿನಲ್ಲಿ ಇದ್ದಿದ್ದು ಇದೊಂದೇ. ಮರುದಿನ ಹೋಗಿ ಬೇಲಿಯೆಲ್ಲ ಜಾಲಾಡಿದೆ, ಸಿಗಲೇ ಇಲ್ಲ! ಅಬ್ಬಾ, ನಿಮ್ಮ ಯಜಮಾನ್ರು ಏನು ಚೆನ್ನಾಗಿ ಬಚ್ಚಿಟ್ಟಿದ್ದಾರಮ್ಮ!”

ಯಜಮಾನರು ಮೀಸೆ ಇಲ್ಲದ ಜಾಗವನ್ನು ತಿರುವಿಕೊಂಡರು.

ಸಾಹೇಬರು ಸೀಲು ಎಳೆದುಕೊಂಡು, ಡ್ರಾಯರಿನಿಂದ ಪತ್ರ ತೆಗೆದುಕೊಟ್ಟರು. ನಾನು ಗೆದ್ದಿದ್ದೆ! ಪತ್ರವನ್ನು ಈ ಸಲ ಯಜಮಾನರ ಕೈಗೇ ಕೊಟ್ಟು, “ಓದಿ, ಆ ಏಳನೇ ನಿಯಮ ಏನಂತ ನೋಡೋಣ” ಎಂದೆ.

ಅವರು ಗಂಟಲು ಸರಿಮಾಡಿಕೊಂಡು ಓದಿದರು. “ಏಳು. ಸದರಿ ಡಬ್ಬಿಗಳ ಮೇಲ್ವಿಚಾರಣೆಗಾಗಿ ಅರ್ಜಿದಾರರು ಸ್ವಇಚ್ಛೆಯಿಂದ ಒಪ್ಪಿಕೊಂಡಿರುವಂತೆ, ಪ್ರತಿ ಗುರುವಾರ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ, ಒಂದು ಗುರುವಾರವೂ ತಪ್ಪದಂತೆ, ಮೊದಲನೆಯ ವಿಶ್ರಾಂತಿ ತಾಣದಲ್ಲಿ ಖುದ್ದಾಗಿ ಹಾಜರಿರತಕ್ಕದ್ದು.”

“ಅರ್ಜಿದಾರರು ಅಂದ್ರೆ?” ಎಂದೆ.

“ನೀವೇ ಅಮ್ಮಾ,” ಎಂದರು ಸಾಹೇಬರು. “ಗಟ್ಟಿಯಾಗಿ ಬರೀರಿ ಅಂದಿದ್ರಲ್ಲ.”

“ನಾನು ಹೇಳಿದ್ದು ಇವರಿಗೆ ಸಾಹೇಬ್ರೇ! ಇವರನ್ನ ಕಳಿಸಿ!”

“ಇವರನ್ನೇ?” ಸಾಹೇಬರು ಇನ್ನೊಂದು ಕಾಗದ ತೆಗೆದರು. ಮೀಸೆಯ ಕಾವಲುಗಾರನ ದೂರು ನಮಗಿಂತ ಮೊದಲೇ ಬಂದು ಕೂತಿತ್ತು. ಹದಿಮೂರು ಪ್ರಯಾಣಿಕರ ಸಹಿ, ಕೆಳಗೆ ಕಂಡಕ್ಟರನದೂ. “ಡಬ್ಬಿ ಉಳೀಬೇಕು ಅಂದ್ರೆ ಇದಕ್ಕೊಂದು ದಾರಿ ಮಾಡಬೇಕಮ್ಮ.” ಹೀಗೆಂದು ಪತ್ರದ ಕೆಳಗೆ ಕೈಯಿಂದಲೇ ಎಂಟನೆಯ ನಿಯಮ ಬರೆದರು: ‘ಅರ್ಜಿದಾರರ ಪತಿಯವರು ಸೀಟಿ ಸಮೇತ ವಿಶ್ರಾಂತಿ ತಾಣಗಳನ್ನು ಪ್ರವೇಶಿಸತಕ್ಕದ್ದಲ್ಲ.’ ಧಡ್! ಸೀಲು ಬಿತ್ತು.

“ಸೀಟಿ ಮನೇಲಿಟ್ಟು ಹೋಗಿ ರೀ!” ಎಂದು ಗೋಗರೆದೆ.

ಯಜಮಾನರು ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. “ಉಸಿರಾಟ ಮನೇಲಿಟ್ಟು ಹೋಗು ಅಂದ ಹಾಗಾಯ್ತು ಕಣೇ. ನೀನೇ ಹೋಗು. ಮನೆ ಕಡೆ ಯೋಚನೆ ಮಾಡಬೇಡ, ಅಡುಗೆಮನೆ ನಾನು ನೋಡ್ಕೋತೀನಿ.”

ಹೀಗಾಗಿ ಮುಂದಿನ ಗುರುವಾರ ನಾನು ಮೊದಲನೆಯ ತಾಣದ ಮರದಡಿಯ ಸಿಮೆಂಟು ಬೆಂಚಿನಲ್ಲಿ, ಚೀಲದಲ್ಲಿ ಪರ್ಮಿಟ್ ಇಟ್ಟುಕೊಂಡು, ಲಾರಿಗಳ ಹೊಗೆ ಕುಡಿಯುತ್ತಾ ಆರು ಗಂಟೆ ಕೂತೆ. ಮೀಸೆಯವನು ಎರಡು ಸಲ ಬಂದು ಹಾಜರಿ ಹಾಕಿಕೊಂಡು ಹೋದ. ಸಂಜೆ ಮನೆಗೆ ಬರುವಾಗ ಗೇಟಿನಲ್ಲೇ ದರ್ಜಿಯಮ್ಮ ಸಿಕ್ಕಳು. ಕೈಯಲ್ಲಿ ಪ್ರಯಾಣದ ಚೀಲ.

“ತಂಗಿ ಮನೆಗೆ ಹೊರಟೆ ಅಕ್ಕಾ, ಇನ್ನೊಂದು ತಿಂಗಳು ಬರಲ್ಲ. ಬಸ್ಸಿಗೆ ಹೊತ್ತಾಯ್ತು!”

“ನಿಲ್ಲೇ! ಪಂಜರದಲ್ಲಿ ಏನಿತ್ತೇ?”

“ಅಯ್ಯೋ, ಎಲ್ಲಾ ನಿಮ್ಮೆಜಮಾನ್ರಿಗೆ ಹೇಳಿಬಿಟ್ಟೆ ಅಕ್ಕಾ! ಮೊದಲು ಹೆದರಿದ್ದೆ. ಆದ್ರೆ ಒಂದು ಸಲಾನಾದ್ರೂ ನಡುವೆ ಬಾಯಿ ಹಾಕಬೇಕಲ್ಲ! ಏನು ಚೆನ್ನಾಗಿ ಕೇಳಿಸ್ಕೋತಾರೆ! ಅವರನ್ನೇ ಕೇಳಿ!” ಎಂದು ಓಡಿಯೇ ಹೋದಳು.

ಚಪ್ಪಲಿ ಬಿಡಲೂ ಪುರುಸೊತ್ತಿಲ್ಲದೆ ಅಡುಗೆಮನೆಗೆ ನುಗ್ಗಿದೆ.

“ರೀ! ದರ್ಜಿಯಮ್ಮ ಪಂಜರದ ಕಥೆ ಹೇಳಿದ್ಲಾ?”

“ಹೂಂ, ಹೇಳಿದ್ಲು. ಒಂದು ಗಂಟೆ ಹೇಳಿದ್ಲು.”

“ಬಟ್ಟೆ ತೆಗೆದ್ನಂತಾ?”

“ತೆಗೆದ.”

“ಒಳಗೆ ಏನಿತ್ತು?”

ಯಜಮಾನರು ತಲೆ ಕೆರೆದುಕೊಂಡರು. ಸೂರು ನೋಡಿದರು. ಸೀಟಿ ತಿರುಗಿಸಿದರು. “ಏನೋ ಅಂದ್ಲು ಕಣೇ. ಅದೇ ಹೊತ್ತಿಗೆ ನಾನು ಒಲೆ ಮೇಲಿನ ಹಾಲು ನೋಡ್ತಿದ್ದೆ.”

ನಾನು ಒಲೆಯ ಕಡೆ ತಿರುಗಿದೆ. ಹಾಲಿನ ಪಾತ್ರೆ ತಳ ಹತ್ತಿ ಕರ್ರಗಾಗಿ ಕೂತಿತ್ತು.

ಬೈಯೋಣವೆಂದು ಬಾಯಿ ತೆರೆದೆ. ಹಾಲು ಉಕ್ಕಿದ ಆ ಇನ್ನೊಂದು ದಿನ ನೆನಪಾಯಿತು. ತೆರೆದ ಬಾಯಿಯನ್ನು ಹಾಗೇ ಮುಚ್ಚಿದೆ. ಪಾತ್ರೆಯನ್ನು ನಲ್ಲಿಯ ಕೆಳಗಿಟ್ಟು, ನೀರು ಬಿಟ್ಟು, ನಾರು ತೆಗೆದುಕೊಂಡು ಉಜ್ಜಲು ಶುರುಮಾಡಿದೆ.

“ರೈಟ್!” ಎಂದರು ಹಿಂದಿನಿಂದ.